ಮಧ್ಯದ ಪುಟ ತೆರೆದು ನೋಡುವವರು

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಗೆಳೆಯನೊಬ್ಬನ ಪುಸ್ತಕ ಮಳಿಗೆಯಲ್ಲಿ ಎರಡು ದಿನ ಕೂತಿದ್ದೆ. ಜನ ಪುಸ್ತಕ ಕೊಳ್ಳುವ ರೀತಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುಖಪುಟ ನೋಡುತ್ತಾರೆ, ತಿರುಗಿಸಿ ಬೆಲೆ ನೋಡುತ್ತಾರೆ, ಬೆನ್ನುಡಿ ಬರೆದ ದೊಡ್ಡವರ ಹೆಸರನ್ನು ನೋಡಿಯೂ ನೋಡದ ಹಾಗೆ ದಾಟುತ್ತಾರೆ. ನಿಜವಾಗಿ ಓದುವವರಾದರೆ ನಡುವೆ ಎಲ್ಲೋ ಒಂದು ಪುಟ ತೆರೆದು ನಿಂತಲ್ಲೇ ಅರ್ಧ ಪುಟ ಓದುತ್ತಾರೆ. ಆ ಎರಡು ದಿನದಲ್ಲಿ ಮುನ್ನುಡಿ ಓದಿದವರನ್ನು ನಾನಂತೂ ಕಾಣಲಿಲ್ಲ.

ಎರಡನೇ ದಿನ ಮಧ್ಯಾಹ್ನ ಧೋತರ ಉಟ್ಟ ಹಿರಿಯರೊಬ್ಬರು ಬಂದರು. ಗೆಳೆಯನೇ ಬರೆದ ಕಾದಂಬರಿಯನ್ನು ಕೈಗೆತ್ತಿಕೊಂಡು ಕೇಳಿದರು: "ಇದರಾಗ ನಮ್ಮ ಕಡೀ ಮಾತು ಐತೇನ್ರಿ?" ಐತ್ರಿ ಅಂದೆ. ಅವರು ನನ್ನ ಮಾತು ನಂಬಲಿಲ್ಲ. ಕನ್ನಡಕ ಏರಿಸಿ ನೂರರ ಆಚೆಗಿನ ಯಾವುದೋ ಪುಟ ತೆರೆದು ತುಟಿ ಅಲ್ಲಾಡಿಸುತ್ತ ಓದಿದರು. ಒಂದು ಕಡೆ ಸಣ್ಣಗೆ ನಕ್ಕರು. "ಹೂಂ, ಖರೇ ಐತಿ" ಎಂದು ಇನ್ನೂರರ ನೋಟು ತೆಗೆದರು.

ಕನ್ನಡದ ಬರಹಗಾರರು, ಪ್ರಕಾಶಕರು ನಾಲ್ಕು ಜನ ಸೇರಿದ ಕಡೆಯೆಲ್ಲ ಈಗ ಒಂದೇ ಮಾತು: ಓದುಗರನ್ನು ತಲುಪುವುದು ಹೇಗೆ? ರೀಲ್ಸ್ ಮಾಡಬೇಕೇ, ಹಸ್ತಾಕ್ಷರದ ಪ್ರತಿ ಕೊಡಬೇಕೇ, ಬಿಡುಗಡೆಗೆ ಸಿನಿಮಾದವರನ್ನು ಕರೆಸಬೇಕೇ? ತಲುಪಿದ ಮೇಲೆ ಓದುಗನ ಕೈಗೆ ಏನು ಸಿಕ್ಕರೆ ಅವನಿಗೆ ಸಂತೋಷ ಎಂಬ ಪ್ರಶ್ನೆ ಮಾತ್ರ ಅಷ್ಟಾಗಿ ಕೇಳಿಸುವುದಿಲ್ಲ. ನನಗನ್ನಿಸುವಂತೆ ಓದುಗನನ್ನು ಮೆಚ್ಚಿಸಲು ಹೊರಡುವುದು ಬೇರೆ, ಅವನನ್ನು ಲೆಕ್ಕಕ್ಕೆ ಇಟ್ಟುಕೊಂಡು ಬರೆಯುವುದು ಬೇರೆ. ಕನ್ನಡದಲ್ಲಿ ಓದುಗರು ಹಿಗ್ಗಿದ ಕಾಲವನ್ನೆಲ್ಲ ಕೆದಕಿದರೆ ಸಿಗುವುದು ಎರಡನೆಯದೇ. ಓದುಗರು ದೂರವಾದ ಕಾಲದಲ್ಲಿ ಆ ಲೆಕ್ಕದಿಂದಲೇ ಅವರ ಹೆಸರು ಬಿಟ್ಟುಹೋಗಿತ್ತು.

ಹಾವೇರಿ ಸೀಮೆಯವರೇ ಆದ ಗಳಗನಾಥರಿಂದಲೇ ಶುರು ಮಾಡಬಹುದು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು. ಕಾಲ 1869ರಿಂದ 1942. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು ಎಂದು ಶಾಲೆಯಲ್ಲಿ ಓದಿದ್ದೇವೆ. ಕನ್ನಡ ಸೇವೆಯ ಉದಾಹರಣೆಯಾಗಿ ಅದನ್ನು ಹೇಳಿ ಕೈಮುಗಿದು ಮುಂದೆ ಹೋಗುವುದು ವಾಡಿಕೆ. ನನಗೆ ಅದರಲ್ಲಿ ಸೇವೆಗಿಂತ ಹೆಚ್ಚಾಗಿ ಕಾಣುವುದು ಕಸುಬಿನ ಜಾಣತನ. ತಾನು ಬರೆದದ್ದನ್ನು ತಾನೇ ಹೊತ್ತು ಮಾರುವವನಿಗೆ ಓದುಗನ ಮುಖ ಕಾಣುತ್ತದೆ. ಹೋದ ಸಲದ ಪುಸ್ತಕ ಹೇಗಿತ್ತು ಎಂಬ ಉತ್ತರ ಕಟ್ಟೆಯ ಮೇಲೆ ಎದುರಿಗೇ ಸಿಗುತ್ತದೆ, ಅಲ್ಲಿಂದ ತಪ್ಪಿಸಿಕೊಳ್ಳುವಂತಿಲ್ಲ. ಅವರೇ ನಡೆಸಿದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯಲ್ಲಿ ಕತೆ ಕಂತುಕಂತಾಗಿ ಬರುತ್ತಿದ್ದದ್ದರಿಂದ ಮುಂದಿನ ತಿಂಗಳಿಗೆ ಕಾಯುವ ಅಭ್ಯಾಸವೂ ಜನಕ್ಕೆ ಹತ್ತಿತು. ಇತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಕನ್ನಡಿಗರಿಗೆ ಕಾದಂಬರಿಯ ಹುಚ್ಚು ಹಿಡಿಸಿದವರು ಈ ಇಬ್ಬರೇ ಎಂಬ ಮಾತಿದೆ.

ಧಾರವಾಡದ ಮನೋಹರ ಗ್ರಂಥಮಾಲೆಯ ದಾರಿ ಬೇರೆ. 1933ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಜಿ.ಬಿ. ಜೋಶಿ, ಅಂದರೆ ನಾಟಕಕಾರ ಜಡಭರತ, ಚಂದಾದಾರರ ಮೇಲೆ ನಿಲ್ಲಿಸಿದರು. ವರ್ಷಕ್ಕಿಷ್ಟು ಎಂದು ಹಣ ಕಟ್ಟಿದರೆ ಮಾಲೆಯ ಪುಸ್ತಕಗಳು ಮನೆಗೆ ಬರುತ್ತವೆ. ಈ ಏರ್ಪಾಟಿನ ಒಳಗೆ ಏನಿದೆ ನೋಡಿ. ಓದುಗ ದುಡ್ಡು ಕೊಡುವಾಗ ಯಾವ ಪುಸ್ತಕ ಬರುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಆದರೂ ಕೊಡುತ್ತಾನೆ, ಏಕೆಂದರೆ ಆರಿಸುವವರ ಮೇಲೆ ಭರವಸೆ. ಹಾಗೆ ಭರವಸೆ ಇಟ್ಟವನನ್ನು ಕೈಬಿಡಬಾರದು ಎಂಬ ಭಯ ಆರಿಸುವವರಿಗೂ ಇರುತ್ತದೆ. ಇಪ್ಪತ್ಮೂರರ ಹರೆಯದ, ಹೆಸರೇ ಕೇಳಿರದ ಗಿರೀಶ ಕಾರ್ನಾಡ ಎಂಬ ಹುಡುಗನ 'ಯಯಾತಿ' 1961ರಲ್ಲಿ ಅಚ್ಚಾದದ್ದು ಇಲ್ಲಿಂದಲೇ. ಅಂಗಡಿಯ ಕಪಾಟಿನಲ್ಲಿ ಅಂಥ ನಾಟಕವನ್ನು ಯಾರು ಮುಟ್ಟುತ್ತಿದ್ದರೋ. ಚಂದಾದಾರನ ಮನೆಗಾದರೆ ಅದು ತಾನಾಗಿ ಬಂತು, ಬಂದಮೇಲೆ ಓದಿದ. ಗ್ರಂಥಮಾಲೆಯ ಕಚೇರಿಯಾದ ಸುಭಾಸ ರಸ್ತೆಯ 'ಅಟ್ಟ'ದಲ್ಲಿ ಕುಳಿತು ಹರಟೆ ಹೊಡೆದವರ ರುಚಿಯ ಮೇಲೆ ಊರಾಚೆಯ ಮೇಷ್ಟರು, ಗುಮಾಸ್ತರು ಹಣ ಹೂಡಿದ್ದರು. ಓದುಗ ಕೇಳದೇ ಇದ್ದದ್ದನ್ನು ಕೊಟ್ಟು ಅವನನ್ನು ಖುಷಿಪಡಿಸುವುದು ಸಾಧ್ಯ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಅನಂತರ ವಾರಪತ್ರಿಕೆಗಳ ಕಾಲ. ಧಾರಾವಾಹಿ, ಬೀದಿಗೊಂದು ಸರ್ಕ್ಯುಲೇಟಿಂಗ್ ಲೈಬ್ರರಿ, ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಕೂರುವ ಹೆಂಗಸರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಓದುಗರ ಬಾಯಲ್ಲಿ 'ಕಾದಂಬರಿ ಸಾರ್ವಭೌಮ'ರಾದರು. ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ವಿಮರ್ಶಕರು ಈ ಸಾಲನ್ನು 'ಜನಪ್ರಿಯ' ಎಂಬ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಆ ಬೀಗ ಅಷ್ಟು ನ್ಯಾಯವಾದದ್ದೇನಲ್ಲ. ತ್ರಿವೇಣಿಯವರ 'ಶರಪಂಜರ'ದ ಕಾವೇರಿಗೆ ಬಾಣಂತನದ ಹೊತ್ತಿನಲ್ಲಿ ಮನಸ್ಸು ಕೆಡುತ್ತದೆ. ಚಿಕಿತ್ಸೆಯಾಗಿ ಮನೆಗೆ ಬಂದವಳನ್ನು ಮನೆಯವರು, ನೆರೆಯವರು ಹುಚ್ಚಿ ಎಂದೇ ನೋಡುತ್ತಾರೆ. ಇದರಲ್ಲಿ ಮನ ತಣಿಸುವಂಥದ್ದು ಏನಿದೆ? ಕೊನೆಯೂ ಸುಖಾಂತವಲ್ಲ. ಆದರೂ ಅದು ಕೈಯಿಂದ ಕೈಗೆ ಹೋಯಿತು. ತಮ್ಮ ಮನೆಯೊಳಗೆ ಯಾರೂ ಹೆಸರಿಡದೆ ಬಿಟ್ಟಿದ್ದ ಸಂಕಟಕ್ಕೆ ಒಬ್ಬ ಹೆಂಗಸು ಹೆಸರಿಟ್ಟಳಲ್ಲ ಎಂಬ ಸಮಾಧಾನ ಅಲ್ಲಿತ್ತು. ಹಾವೇರಿಯ ಹಿರಿಯರು 'ಖರೇ ಐತಿ' ಎಂದರಲ್ಲ, ಅದೇ ಮಾತು. ಓದಿ ಖುಷಿಯಾಯಿತು ಎಂದು ಜನ ಹೇಳುವಾಗ ನಗು ಬಂತು ಎಂದೇ ಅರ್ಥವಾಗಬೇಕಿಲ್ಲ. ಅತ್ತು ಎದ್ದವರೂ ಖುಷಿಯಾಯಿತು ಅನ್ನುತ್ತಾರೆ.

ಆ ಕಾಲಕ್ಕೆ ಓದುಗ ಮತ್ತು ಬರಹಗಾರನ ನಡುವಿನ ತಂತಿ ಎಂದರೆ ಕಾಗದ. ಶಿವರಾಮ ಕಾರಂತರು ಅಪರಿಚಿತರ ಪತ್ರಕ್ಕೂ ಕಾರ್ಡಿನಲ್ಲಿ ಎರಡು ಸಾಲು ಉತ್ತರ ಬರೆದು ಹಾಕುತ್ತಿದ್ದರು. ಬೀಚಿಯವರು 'ಸುಧಾ'ದಲ್ಲಿ 'ಉತ್ತರಭೂಪ'ನಾಗಿ ಓದುಗರ ತಲೆಹರಟೆ ಪ್ರಶ್ನೆಗಳಿಗೆ ಅದಕ್ಕಿಂತ ತಲೆಹರಟೆಯ ಉತ್ತರ ಕೊಡುತ್ತಿದ್ದರು. ಒಬ್ಬರದು ಗಾಂಭೀರ್ಯ, ಇನ್ನೊಬ್ಬರದು ಕೀಟಲೆ. ಬರೆದವನಿಗೆ ಉತ್ತರ ಬರುತ್ತದೆ ಎಂಬುದಂತೂ ಎರಡು ಕಡೆಯೂ ಖಾತ್ರಿ.

ಇಂಥ ನಂಟು ಸಡಿಲವಾದದ್ದಕ್ಕೆ ಟೀವಿಯನ್ನು, ಇಂಗ್ಲಿಷ್ ಶಾಲೆಯನ್ನು, ಮೊಬೈಲನ್ನು ಬೈಯುವುದು ಸುಲಭ. ಅವುಗಳ ಪಾಲೂ ಇದೆ. ಆದರೆ ನಮ್ಮ ಪುಸ್ತಕಲೋಕದವರು ಸಭೆಯಲ್ಲಿ ಅಷ್ಟಾಗಿ ಬಾಯಿಬಿಡದ ಕಾರಣವೊಂದಿದೆ: ಗ್ರಂಥಾಲಯದ ಸಗಟು ಖರೀದಿ.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಆ ದುಡ್ಡಿನಲ್ಲಿ ಇಲಾಖೆ ಹೊಸ ಪುಸ್ತಕಗಳನ್ನು ಕೊಳ್ಳುತ್ತದೆ. ಆಯ್ಕೆಯಾದ ಒಂದು ಶೀರ್ಷಿಕೆಗೆ 300 ಪ್ರತಿಯವರೆಗೆ, ಪುಟಕ್ಕಿಷ್ಟು ಎಂಬ ಸರ್ಕಾರಿ ದರದಲ್ಲಿ. ಹಳ್ಳಿಯ ಗ್ರಂಥಾಲಯಕ್ಕೂ ಕನ್ನಡದ ಹೊಸ ಪುಸ್ತಕ ಹೋಗಲಿ, ಸಣ್ಣ ಪ್ರಕಾಶಕನೂ ಬದುಕಲಿ ಎಂಬುದು ಇದರ ಹಿಂದಿನ ಆಸೆ. ಒಳ್ಳೆಯದೇ. ಎಷ್ಟೋ ಕವನ ಸಂಕಲನ, ಸಂಶೋಧನಾ ಗ್ರಂಥಗಳು ಬೆಳಕು ಕಂಡದ್ದು ಇದರಿಂದಲೇ, ಅದನ್ನು ಮರೆಯಬಾರದು. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅಚ್ಚು ಹಾಕಿಸಿದ ಖರ್ಚು ಇಲಾಖೆಯ ಬಿಲ್ಲಿನಲ್ಲೇ ಹುಟ್ಟಿದರೆ, ಉಳಿದ ಪ್ರತಿಗಳಿಗೆ ಓದುಗನನ್ನು ಹುಡುಕುವ ತುರ್ತು ಯಾರಿಗಿದೆ? ಪುಸ್ತಕ ಕೊಳ್ಳುವ ದೊಡ್ಡ ಗಿರಾಕಿ ಪುಸ್ತಕ ಓದುವವನಲ್ಲ. ಅವನಿಗೆ ಮಧ್ಯದ ಪುಟ ತೆರೆಯುವ ಅಭ್ಯಾಸವಿಲ್ಲ, ಪುಟ ಎಷ್ಟು ಎಂದು ಎಣಿಸುತ್ತಾನೆ. ದಪ್ಪಕ್ಷರ, ಅಗಲ ಅಂಚು, ಅಧ್ಯಾಯಕ್ಕೊಂದು ಖಾಲಿ ಹಾಳೆ ಇರುವ ಪುಸ್ತಕಗಳನ್ನು ನೀವೂ ನೋಡಿರುತ್ತೀರಿ. ನಾನು ಒಂದೆರಡನ್ನು ಕರಡು ತಿದ್ದಿದ್ದೇನೆ, ಆದ್ದರಿಂದ ಹೆಚ್ಚು ಮಾತಾಡುವ ಹಕ್ಕು ನನಗಿಲ್ಲ.

ಕೆಟ್ಟದ್ದೆಂದರೆ ಇದು ಬರವಣಿಗೆಯ ಒಳಗೂ ಇಳಿಯಿತು. ಓದುಗ ಎದುರಿಗಿಲ್ಲದಿದ್ದಾಗ ಬರಹಗಾರ ಯಾರಿಗೆ ಬರೆಯುತ್ತಾನೆ? ಇತರ ಬರಹಗಾರರಿಗೆ, ಪ್ರಶಸ್ತಿ ಸಮಿತಿಗೆ, ಮುನ್ನುಡಿ ಬರೆದುಕೊಡುವ ಪ್ರಾಧ್ಯಾಪಕರಿಗೆ. ಬಿಡುಗಡೆ ಸಮಾರಂಭವೇ ಪುಸ್ತಕದ ಮೊದಲ ದಿನವೂ ಕೊನೆಯ ದಿನವೂ ಆಯಿತು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಕೇಸರಿಬಾತು, ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋ, ಮಾರನೆಯ ದಿನ ಪತ್ರಿಕೆಯ ಮೂರನೇ ಪುಟದಲ್ಲಿ ಅದೇ ಫೋಟೋ.

ಈಚೆಗೆ ಈ ಆಸರೆ ಅಲುಗಾಡಿದೆ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಗ್ರಂಥಾಲಯ ಕರವನ್ನು ಇಲಾಖೆಗೆ ಪೂರ್ತಿ ದಾಟಿಸುವುದಿಲ್ಲ ಎಂಬುದು ಹಳೆಯ ದೂರು. ಖರೀದಿ ವರ್ಷಗಟ್ಟಲೆ ಹಿಂದೆ ಬಿದ್ದು, ಪ್ರಕಾಶಕರು ಮನವಿ ಕೊಟ್ಟೂ ಕೊಟ್ಟೂ ಸೋತಿದ್ದಾರೆ. ಸರ್ಕಾರ ಬಾಕಿ ತೀರಿಸಲೇಬೇಕು, ಅದು ನಮ್ಮ ತೆರಿಗೆಯ ದುಡ್ಡು. ಆದರೂ ಒಂದು ಮಾತು ಹೇಳುತ್ತೇನೆ, ಪ್ರಕಾಶಕ ಮಿತ್ರರು ಮುನಿಯಬಾರದು: ಕನ್ನಡದ ಪುಸ್ತಕ ಮತ್ತೆ ಓದುಗನ ಬಾಗಿಲು ತಟ್ಟಲು ಹೊರಟದ್ದಕ್ಕೆ ಈ ಬರಗಾಲದ ಪಾಲೂ ಇದೆ. ಸಾವಿರ ಪ್ರತಿ ಹಾಕಿಸುತ್ತಿದ್ದವರು ಮುನ್ನೂರು, ಐನೂರು ಹಾಕಿಸಿ, ಮುಗಿದರೆ ಮತ್ತೆ ಹಾಕಿಸುತ್ತಿದ್ದಾರೆ. ವಾಟ್ಸ್ಯಾಪ್‌ನಲ್ಲಿ ವಿಳಾಸ, ಫೋನ್‌ಪೇಯಲ್ಲಿ ಹಣ, ಅಂಚೆಯಲ್ಲಿ ಪುಸ್ತಕ. ಮುಖಬೆಲೆಯಲ್ಲಿ ಮೂರನೇ ಒಂದು ಪಾಲಿನಷ್ಟು ಅಂಗಡಿಯ ಕಮಿಷನ್ನಿಗೆ ಹೋಗುತ್ತಿದ್ದದ್ದು ಉಳಿಯುತ್ತದೆ. ಪುಸ್ತಕಗಳಿಗೆಂದು ಇದ್ದ ಅಗ್ಗದ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರ್‌ನಲ್ಲಿ ನಿಂತುಹೋದಾಗ ಈ ಸಣ್ಣ ವ್ಯಾಪಾರಕ್ಕೆ ದೊಡ್ಡ ಪೆಟ್ಟೇ ಬಿತ್ತು. ಮರುವರ್ಷ ಮೇ 1ರಿಂದ 'ಜ್ಞಾನ ಪೋಸ್ಟ್' ಬಂದು 300 ಗ್ರಾಮಿನವರೆಗೆ 20 ರೂಪಾಯಿ ಎಂದಾದ ಮೇಲೆ ಉಸಿರು ಬಂತು. ಸಾಹಿತ್ಯದ ಆಗುಹೋಗು ಎಷ್ಟೋ ಸಲ ಅಂಚೆ ದರದ ಮೇಲೆ ನಿಂತಿರುತ್ತದೆ.

ಹಾಗಾದರೆ ಹೆಚ್ಚು ಮಾರಾಟವಾದರೆ ಓದುಗ ಸಂತೋಷವಾಗಿದ್ದಾನೆ ಎಂದೇ? ಎರಡು ಪುಸ್ತಕ ನೋಡೋಣ. ಎಸ್.ಎಲ್. ಭೈರಪ್ಪನವರ 'ಆವರಣ' 2007ರಲ್ಲಿ ಬಿಡುಗಡೆಗೆ ಮುನ್ನವೇ ಮೊದಲ ಮುದ್ರಣ ಮುಗಿಸಿ, ಒಂದರ ಹಿಂದೊಂದು ಮರುಮುದ್ರಣ ಕಂಡಿತು. 2022ರಲ್ಲಿ ದೇವನೂರ ಮಹಾದೇವರ 'ಆರ್‌ಎಸ್‌ಎಸ್ ಆಳ ಮತ್ತು ಅಗಲ' ಎಂಬ ಕಿರುಹೊತ್ತಿಗೆಯನ್ನು ನಾಡಿನ ಹಲವು ಸಣ್ಣ ಪ್ರಕಾಶನಗಳು ಒಮ್ಮೆಲೇ ಅಚ್ಚು ಹಾಕಿ 40 ರೂಪಾಯಿಗೆ ಮಾರಿದವು. ಅದು ಲಕ್ಷದ ಗಡಿ ದಾಟಿತು. ನಿಲುವಿನಲ್ಲಿ ಎರಡೂ ಎದುರುಬದುರು. ಆದರೆ ಕೊಂಡವರ ಉತ್ಸಾಹ ಒಂದೇ ಜಾತಿಯದು: ನಾನು ಅಂದುಕೊಂಡದ್ದನ್ನು ದೊಡ್ಡವರೊಬ್ಬರು ಗಟ್ಟಿಯಾಗಿ ಹೇಳಿದರು ಎಂಬ ಹುರುಪು. ತಾವೇ ಹತ್ತು ಪ್ರತಿ ಕೊಂಡು ಹಂಚಿದವರು ಎರಡೂ ಕಡೆ ಇದ್ದರು. ಹಂಚುವ ಪುಸ್ತಕ ಬೇರೆ, ಮತ್ತೆ ಮತ್ತೆ ಓದುವ ಪುಸ್ತಕ ಬೇರೆ. ಭೈರಪ್ಪನವರ ಓದುಗರಲ್ಲೇ 'ಪರ್ವ' ಎಂದರೆ ದನಿ ಬದಲಾಗುವವರು, ದೇವನೂರರ ಓದುಗರಲ್ಲಿ 'ಕುಸುಮಬಾಲೆ'ಯ ನಂಜನಗೂಡು ಸೀಮೆಯ ಮಾತನ್ನು ತಿಂಗಳುಗಟ್ಟಲೆ ಗುದ್ದಾಡಿ ಓದಿ ಕೊನೆಗೆ ಸೋತು ಪ್ರೀತಿಸಿದವರು ಇದ್ದಾರೆ. ಒಪ್ಪಿಗೆಯಾದ ಮಾತು ಕೇಳಿದ ಹುರುಪು ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಗುದ್ದಾಡಿ ದಕ್ಕಿಸಿಕೊಂಡದ್ದರ ಖುಷಿ ಹಾಗಲ್ಲ.

ಈ ಎರಡನೇ ಬಗೆಯ ಖುಷಿಯನ್ನು ಗುದ್ದಾಟವೇ ಇಲ್ಲದೆ ಕೊಟ್ಟವರು ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ ಅವರ ಕಾದಂಬರಿ 'ಕರ್ವಾಲೊ' ಈಗಲೂ ಅಚ್ಚಾಗುತ್ತಲೇ ಇದೆ. ಅವರು ತೀರಿಕೊಂಡ 2007ರಲ್ಲಿ ಹಾಲುಹಲ್ಲು ಬಿದ್ದಿರದ ಹುಡುಗರು ಇಂದು ಅವರು ನೆಲೆಸಿದ್ದ ಸೀಮೆಯ ಮೂಡಿಗೆರೆ, ಕೊಟ್ಟಿಗೆಹಾರ ಎಂದು ಬೈಕಿನಲ್ಲಿ ಹೋಗಿ ಬರುತ್ತಾರೆ. ರೀಲ್ಸ್ ಇಲ್ಲ, ಹಸ್ತಾಕ್ಷರವಿಲ್ಲ, ಬರಹಗಾರನೇ ಇಲ್ಲ. ಆದರೂ ನಂಟು ಬಿಗಿಯಾಗಿದೆ. ಇದರ ಗುಟ್ಟು ಭಾಷೆ ಸರಳ ಎಂಬಲ್ಲಿಗೆ ಮುಗಿಯುವುದಿಲ್ಲ, ಸರಳವಾಗಿ ಬರೆದು ಮರೆತುಹೋದವರು ಬೇಕಾದಷ್ಟು ಜನ. ಕತೆ ಹೇಳುವವನು ಎಲ್ಲಿ ನಿಂತಿದ್ದಾನೆ ನೋಡಿ. ತೋಟದ ಕಷ್ಟದಿಂದ ಬೇಸತ್ತ ಒಬ್ಬ ರೈತ. ಜೇನು ಸೊಸೈಟಿಗೆ ತುಪ್ಪಕ್ಕೆಂದು ಹೋದವನು ಪಟಿಂಗ ಮಂದಣ್ಣನ ಸಹವಾಸಕ್ಕೆ ಬೀಳುತ್ತಾನೆ. ವಿಜ್ಞಾನಿ ಕರ್ವಾಲೊ ಹೇಳುವುದು ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಇಲ್ಲ. ಓದುವವನ ಸ್ಥಿತಿಯೂ ಅಷ್ಟೇ. ಲೇಖಕ ಎಲ್ಲ ತಿಳಿದು ಪಾಠ ಹೇಳುತ್ತಿದ್ದರೆ ನಾವು ಬೆಂಚಿನ ಮೇಲೆ ಕೂರಬೇಕಿತ್ತು. ಇಲ್ಲಿ ಅವನ ಜೊತೆ ಕಾಡಿನೊಳಗೆ ಎಡವುತ್ತೇವೆ. ಶ್ರೀಮಂತವಾದ ವಿಕಾಸವಾದದ ಚರ್ಚೆಯೊಂದನ್ನು ಊರಿನ ಪಟಿಂಗನ ಮದುವೆಯ ರಗಳೆಯ ಪಕ್ಕ ಇಟ್ಟು, ಇವೆರಡೂ ನಿನಗೆ ಅರ್ಥವಾಗುತ್ತವೆ ಬಾ ಎನ್ನುವ ಧೈರ್ಯವಿದೆಯಲ್ಲ, ಓದುಗನಿಗೆ ಕೊಟ್ಟ ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಕಾಣದು. ಕೊನೆಯಲ್ಲಿ, ಅವರೆಲ್ಲ ಹುಡುಕಿಕೊಂಡು ಹೊರಟಿದ್ದ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಇಷ್ಟು ದೂರ ನಡೆಸಿಕೊಂಡು ಬಂದು ಹೀಗಾ ಎಂದು ನಮಗೆ ಸಿಟ್ಟೇ ಬರುವುದಿಲ್ಲ!

ಫೋನಿನಲ್ಲಿ ಓದುವವರ ಕಡೆಗೆ ಬಂದರೆ ಚಿತ್ರ ಸ್ವಲ್ಪ ಕಲಸುಮೇಲೋಗರ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಪ್ರತಿಲಿಪಿ'ಯಂಥ ಆ್ಯಪ್‌ಗಳಲ್ಲಿ ಕನ್ನಡದ ಧಾರಾವಾಹಿಗಳು ಅಧ್ಯಾಯಗಟ್ಟಲೆ ಓಡುತ್ತಿವೆ. ಬರೆಯುವವರಲ್ಲಿ ಗೃಹಿಣಿಯರು, ಕಾಲೇಜು ಹುಡುಗಿಯರು ಬಹಳ. ಪ್ರತಿ ಅಧ್ಯಾಯದ ಕೆಳಗೆ "ಮುಂದಿನ ಭಾಗ ಬೇಗ ಹಾಕಿ ಮೇಡಂ" ಎಂಬ ಒತ್ತಾಯ. ಸಾಹಿತ್ಯದ ದೊಡ್ಡಮನೆಯವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ತ್ರಿವೇಣಿಯನ್ನು ಪೆಟ್ಟಿಗೆಗೆ ಹಾಕಿದ ಮೂಗೇ ಇದು. ನಾನು ಅಲ್ಲಿ ಕೆಲವು ಕತೆ ಬೆನ್ನುಹತ್ತಿ ಓದಿದ್ದೇನೆ. ಮದುವೆಯಾಗಿ ದೊಡ್ಡ ಮನೆಗೆ ಹೋದ ಬಡ ಹುಡುಗಿ, ಸಿಡುಕು ಗಂಡ, ನಲವತ್ತನೇ ಅಧ್ಯಾಯಕ್ಕೆ ಅವನ ಮನಸ್ಸು ಕರಗುವುದು. ಹೌದು, ಅಚ್ಚು ಒಂದೇ. ಆದರೆ ನಡುನಡುವೆ ಅತ್ತೆಯ ಮನೆಯ ಊಟದ ಸರದಿ, ಕೆಲಸಕ್ಕೆ ಹೋಗುವ ಸೊಸೆಯ ಸಂಬಳ ಯಾರ ಕೈಗೆ ಎಂಬಂಥ ಸಂಗತಿಗಳು ಬಂದಾಗ ಕೆಳಗಿನ ಮಾತುಗಳ ದನಿಯೇ ಬದಲಾಗುತ್ತದೆ. "ನಮ್ಮನೇಲೂ ಹೀಗೇ" ಎಂದು ಉದ್ದುದ್ದ ಬರೆಯುತ್ತಾರೆ. ಅಲ್ಲೂ 'ಖರೇ'ಯೇ ಗೆಲ್ಲುವುದು.

ತೊಡಕಿರುವುದು ಉತ್ತರ ಬರುವ ವೇಗದಲ್ಲಿ. ವಾರಪತ್ರಿಕೆಯ ಧಾರಾವಾಹಿಕಾರನಿಗೆ ಓದುಗರ ಕಾಗದ ಬರುವ ಹೊತ್ತಿಗೆ ಕತೆ ಮೂರು ಕಂತು ಮುಂದೆ ಹೋಗಿರುತ್ತಿತ್ತು. ತನ್ನ ಹಟಕ್ಕೆ ಅಷ್ಟು ಜಾಗ ಅವನಿಗಿತ್ತು. ಈಗ ರಾತ್ರಿ ಹಾಕಿದ ಅಧ್ಯಾಯಕ್ಕೆ ಬೆಳಗಿನ ಕಾಫಿಯ ಹೊತ್ತಿಗೆ ತೀರ್ಪು. ನಾಯಕಿಯನ್ನು ಗಂಡನಿಂದ ಬೇರೆ ಮಾಡಿದರೆ ಓದುಗರು ಜಗಳಕ್ಕೆ ಬರುತ್ತಾರೆ, ಲೇಖಕಿ ಹೆದರಿ ಒಂದುಗೂಡಿಸುತ್ತಾಳೆ. ಕೇಳಿದ್ದು ಸಿಕ್ಕಿತು ಎಂಬ ತೃಪ್ತಿ ಓದುಗರಿಗೆ. ಅವರು ಕೇಳಲು ಹೊಳೆದೇ ಇರದಿದ್ದ ಇನ್ನೇನೋ ಒಂದು ಅಲ್ಲೇ ಸತ್ತುಹೋಗಿರಬಹುದು. ಅಚ್ಚಿನ ಪುಸ್ತಕದ ತರುಣ ಬರಹಗಾರರಿಗೂ ಇದೇ ಇಕ್ಕಟ್ಟು ಬೇರೆ ವೇಷದಲ್ಲಿ ಬಂದಿದೆ. ಓದುಗರಿಗೆ ಪುಸ್ತಕಕ್ಕೆ ಮೊದಲು ಲೇಖಕ ಸಿಕ್ಕಿಬಿಡುತ್ತಾನೆ: ಅವನ ಊರು, ಅವನ ಬೆಕ್ಕು, ಅವನ ಸಿಟ್ಟು. ಲೇಖಕನ ಪರಿಚಯವಿದೆ ಎಂದು ಪುಸ್ತಕ ಕೊಳ್ಳುತ್ತಾರೆ, ಅವನ ಜೊತೆ ಫೋಟೋ ಹಾಕುತ್ತಾರೆ. ಓದಿದಿರಾ ಎಂದರೆ, ಇನ್ನೂ ಇಲ್ಲ ಸರ್. ಆ ಪ್ರತಿಗೂ, ಗ್ರಂಥಾಲಯಕ್ಕೆ ಹೋಗಿ ಮೊಹರು ಬಿದ್ದು ಕೂತ ಪ್ರತಿಗೂ ಏನು ವ್ಯತ್ಯಾಸವೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಹಾಸನದ ಬಾನು ಮುಷ್ತಾಕ್ ಈ ಮಾತಿನ ನಡುವೆ ಬರಲೇಬೇಕು. ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಬಂತು. ಕತಾಸಂಕಲನವೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ನನ್ನ ಗಮನ ಸೆಳೆದದ್ದು ಅನುವಾದಕಿಯ ಒಂದು ಹಟ. ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಅವರು ಓರೆ ಅಕ್ಷರದಲ್ಲಿ ಹಾಕಿ ಬೇರೆ ಎಂದು ತೋರಿಸಲಿಲ್ಲ, ಅಡಿಟಿಪ್ಪಣಿ ಕೊಟ್ಟು ಬಿಡಿಸಿ ಹೇಳಲಿಲ್ಲ. ಲಂಡನ್ನಿನ ಓದುಗನಿಗೆ ಅರ್ಥವಾಗದಿದ್ದರೆ? ಆಗುತ್ತದೆ, ಇಲ್ಲವಾದರೆ ಎರಡು ಸಾಲು ಮುಂದೆ ಹೋಗಿ ಊಹಿಸಲಿ ಎಂಬ ನಂಬಿಕೆ. ಬಾನು ಅವರು 'ಲಂಕೇಶ್ ಪತ್ರಿಕೆ'ಯ ವರದಿಗಾರ್ತಿಯಾಗಿ, ವಕೀಲೆಯಾಗಿ ಕಂಡ ಮನೆಗಳ ಒಳಗು ಆ ಕತೆಗಳಲ್ಲಿದೆ. ಅದನ್ನು ಹೊರಗಿನವರಿಗೆಂದು ಉಜ್ಜಿ ತೊಳೆದು ಇಟ್ಟಿಲ್ಲ. ಹೊರಗಿನವರು ಮೆಚ್ಚಿದ್ದು ಅದನ್ನೇ. ನಮ್ಮ ಧಾರವಾಡದ, ಕುಂದಾಪುರದ, ಚಾಮರಾಜನಗರದ ಬರಹಗಾರರು 'ಬೆಂಗಳೂರಿನವರಿಗೆ ತಿಳಿಯಲಿ' ಎಂದು ತಮ್ಮ ಮಾತನ್ನು ಇಸ್ತ್ರಿ ಮಾಡಿ ಬರೆಯುವುದನ್ನು ನೋಡಿದಾಗ ನನಗೆ ಈ ಹಟ ನೆನಪಾಗುತ್ತದೆ.

ಹಾವೇರಿಯ ಹಿರಿಯರ ವಿಷಯ ಅರ್ಧಕ್ಕೆ ಬಿಟ್ಟೆ. ಪುಸ್ತಕ ಕೊಂಡು ಹೊರಟವರು ತಿರುಗಿ ಬಂದು ಬರೆದವರ ಫೋನ್ ನಂಬರ್ ಕೇಳಿದ್ದರು. ಪುಸ್ತಕದ ಒಳಗೇ ಇದೆ ಎಂದು ತೋರಿಸಿದೆ. ಮೂರು ವಾರ ಕಳೆದು ಗೆಳೆಯನಿಗೆ ಫೋನ್ ಬಂತಂತೆ. ನಮಸ್ಕಾರವಿಲ್ಲ, ಹೊಗಳಿಕೆಯಿಲ್ಲ. "ಅಲ್ರೀ, ಬಿಳಿಜೋಳ ಯಾರರೆ ರೋಹಿಣಿ ಮಳಿಗೆ ಬಿತ್ತತಾರೇನ್ರಿ? ಹಿಂಗಾರಿ ಬೆಳಿ ಅದು. ನಿಮ್ಮ ಗೌಡಾ ಬಿತ್ತಿ ಕುಂತಾನಲ್ಲ!" ಅರ್ಧ ತಾಸು ಬೈದರಂತೆ. ಬೈಗುಳದ ನಡುವೆ ಗೌಡನ ಹೆಂಡತಿಯ ಸುದ್ದಿ ಬಂದಾಗ ಸ್ವಲ್ಪ ಹೊತ್ತು ಸುಮ್ಮನಾಗಿ, "ಆಕಿನ್ನ ಹಂಗ ಸಾಯಿಸಬಾರದಿತ್ತು ಬಿಡ್ರಿ" ಎಂದರಂತೆ. ಎರಡನೇ ಮುದ್ರಣದಲ್ಲಿ ಗೆಳೆಯ ಬಿತ್ತನೆಯನ್ನು ಉತ್ತರಿ ಮಳೆಗೆ ಬದಲಿಸಿದ. ಗೌಡನ ಹೆಂಡತಿ ಹಾಗೇ ಸತ್ತಿದ್ದಾಳೆ.